ಕಲ್ಲಿಗೆ ಕಲ್ಲೇ ಸಾಕ್ಷಿ

ವಿದ್ಯಾರ್ಥಿಗಳ ಪ್ರಬಂಧಗಳ ಕಟ್ಟನ್ನು ಮುಂದಿಟ್ಟುಕೊಂಡು ತಿದ್ದಲು ಕುಳಿತ ಅಧ್ಯಾಪಕನನ್ನು ಯೋಚನೆಗೆ ಹಚ್ಚುವ ಸಂಗತಿಗಳು ಅಪರೂಪ. ಈಚೆಗೆ ನನಗೆ ಅಂಥದೊಂದು ದೊರೆಯಿತು. ಪದವಿ ತರಗತಿಯವರಿಗೆ ರಾಯಚೂರಿನ ಕೋಟೆಯನ್ನು ಕುರಿತು ನಾಲ್ಕು ಪುಟ ಬರೆದು ತರಲು ಹೇಳಿದ್ದೆ. ಬಂದ ಪ್ರಬಂಧಗಳಲ್ಲಿ ಕೆಲವು, ಕೋಟೆಯನ್ನು ಕಟ್ಟಿಸಿದುದು ಕ್ರಿ. ಶ. ೧೨೮೪ರಲ್ಲಿ ಎಂದು ಸಾರಿದವು. ಇನ್ನು ಕೆಲವು ೧೨೯೪ರಲ್ಲಿ ಎಂದು ಸಾರಿದವು. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರ ನಡುವೆ ಹತ್ತು ವರ್ಷಗಳ ಅಂತರ! ಆದರೂ ಯಾರೊಬ್ಬರ ಬರವಣಿಗೆಯಲ್ಲಿಯೂ ಸಂದೇಹದ ಸುಳಿವಿರಲಿಲ್ಲ.

ಚಂದ್ರಬಂಡದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹುಡುಗನೊಬ್ಬನಿದ್ದಾನೆ. ಓದಿನಲ್ಲಿ ಚುರುಕು, ಮಾತಿನಲ್ಲಿ ನೇರ. ಅವನನ್ನು ಕರೆದು, "೧೨೮೪ ಎಂದು ನಿನಗೆ ಹೇಳಿದವರು ಯಾರಪ್ಪ?" ಎಂದು ಕೇಳಿದೆ. "ಯಾರೂ ಹೇಳಿಲ್ರೀ ಸರ್. ಮೊಬೈಲಿನ್ಯಾಗ ಹಂಗೇ ಐತ್ರಿ" ಎಂದ.

ಹುಡುಗ ಸಹಜವಾಗಿ ಆಡಿದ ಈ ಮಾತು ಹಲವು ದಿನ ನನ್ನನ್ನು ಬಿಡಲಿಲ್ಲ. ಯಾರೂ ಹೇಳಿಲ್ಲ; ಆದರೂ ಇದೆ! ಹೇಳಿದವನಿಲ್ಲದ ಹೇಳಿಕೆ, ಬರೆದವನಿಲ್ಲದ ಬರಹ, ಒಡೆಯನಿಲ್ಲದ ಮಾತು—ಇದೇ ಅಲ್ಲವೆ ಇಂದು ನಮ್ಮ ಮಕ್ಕಳ ಕೈಗೆ ಪಠ್ಯವಾಗಿ ಬರುತ್ತಿರುವುದು? ಗೂಗಲ್ ಎಂಬುದನ್ನು ಅವರು ಸರ್ವಜ್ಞ ಗುರುವೆಂದು ತಿಳಿದಿದ್ದಾರೆ. ಅದಾದರೋ ಬಸ್ ನಿಲ್ದಾಣದಲ್ಲಿ ದಾರಿ ತೋರಿಸುವ ಮನುಷ್ಯನಂತೆ. 'ಅಗೋ, ಆ ಮನೆ' ಎಂದು ಬೆರಳು ಮಾಡುತ್ತದೆಯೇ ಹೊರತು ಆ ಮನೆಯವರು ಎಂಥವರೆಂಬುದಕ್ಕೆ ಹೊಣೆಯಾಗುವುದಿಲ್ಲ. ಮನೆಯವರನ್ನು ವಿಚಾರಿಸಬೇಕಾದುದು ಒಳಗೆ ಕಾಲಿಡುವ ನಮ್ಮ ಕೆಲಸ.

ಆದರೆ ಹುಡುಗನನ್ನು ನೋಡಿ ನಗುವ ಹಕ್ಕು ನನಗೂ ಇರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದಿನ ಮಾತು. ಬಡ್ತಿಗಾಗಿ ನನಗೆ ಪ್ರಕಟಿತ ಸಂಶೋಧನ ಲೇಖನಗಳು ಬೇಕಾಗಿದ್ದವು. ಒಂದು ಜಾಲಪತ್ರಿಕೆ ಕಣ್ಣಿಗೆ ಬಿತ್ತು. ಹೆಸರಿನಲ್ಲಿಯೇ 'ಅಂತರರಾಷ್ಟ್ರೀಯ' ಎಂದಿತ್ತು. ನೆತ್ತಿಯ ಮೇಲೆ ಐಎಸ್‌ಎಸ್‌ಎನ್ ಸಂಖ್ಯೆಯಿತ್ತು. ಹಿನ್ನೆಲೆಯಲ್ಲಿ ದೊಡ್ಡ ಗ್ರಂಥಾಲಯವೊಂದರ ಚಿತ್ರವಿತ್ತು. ದಾಸಸಾಹಿತ್ಯವನ್ನು ಕುರಿತ ಲೇಖನವೊಂದನ್ನು ಕಳುಹಿಸಿದೆ. ಮೂರನೆಯ ದಿನವೇ ವಿದ್ವಾಂಸರು ಮೆಚ್ಚಿ ಸ್ವೀಕರಿಸಿದ್ದಾರೆಂದು ಉತ್ತರ ಬಂತು. ಜೊತೆಗೆ ಹಣ ಕಟ್ಟಬೇಕಾದ ವಿವರವೂ ಬಂತು. ಕಟ್ಟಿದೆ. ಪ್ರಕಟವಾದ ಲೇಖನದಲ್ಲಿ ನಡುವಿನ ಒಂದು ಪುಟವೇ ಇರಲಿಲ್ಲ! ಮೆಚ್ಚಿದ ವಿದ್ವಾಂಸರಿಗೆ ಆ ಕೊರತೆ ಕಾಣಲಿಲ್ಲವೆಂದರೆ, ಅವರು ಅದನ್ನು ಓದಿರಲಿಲ್ಲವೆಂದೇ ಅರ್ಥ. ಆಮೇಲೆ ಸಂಪಾದಕ ಮಂಡಲಿಯ ಪಟ್ಟಿಯನ್ನು ನೋಡಿದೆ. ಅದರಲ್ಲಿದ್ದ ಹಿರಿಯರೊಬ್ಬರು ಎಷ್ಟೋ ವರ್ಷಗಳ ಹಿಂದೆ ಕಾಲವಾಗಿದ್ದರು. ಮರುವರ್ಷದ ಹೊತ್ತಿಗೆ ಆ ತಾಣವೇ ಮಾಯವಾಗಿತ್ತು. ಅದರೊಂದಿಗೆ ನನ್ನ ಲೇಖನವೂ, ಹಣವೂ, ಸ್ವಲ್ಪ ಮಾನವೂ ಹೋದವು.

ಇದು ನನ್ನೊಬ್ಬನ ಕಥೆಯಲ್ಲ. ೨೦೧೮ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ ೪೩೦೫ ಪತ್ರಿಕೆಗಳನ್ನು ಒಮ್ಮೆಗೇ ಕೈಬಿಟ್ಟಿತು. ಬಳಿಕ 'ಕೇರ್' ಎಂಬ ಇನ್ನೊಂದು ಪಟ್ಟಿ ಬಂತು. ಅದನ್ನೂ ನಿಲ್ಲಿಸಿರುವುದಾಗಿ ೨೦೨೫ರ ಫೆಬ್ರವರಿಯಲ್ಲಿ ಆಯೋಗ ಪ್ರಕಟಿಸಿತು. ಪತ್ರಿಕೆಯ ಯೋಗ್ಯತೆಯನ್ನು ಅಳೆಯಲು ಕೆಲವು ಸೂಚನೆಗಳನ್ನು ಕೊಟ್ಟು, ನಿರ್ಣಯವನ್ನು ಸಂಸ್ಥೆಗಳಿಗೂ ವಿದ್ವಾಂಸರಿಗೂ ಬಿಟ್ಟುಕೊಟ್ಟಿತು. ಇನ್ನು ಐಎಸ್‌ಎಸ್‌ಎನ್ ಎಂಬ ಸಂಖ್ಯೆ. ಅದು ನಿಯತಕಾಲಿಕವೊಂದನ್ನು ಗುರುತಿಸಲು ಕೊಡುವ ಅಂಕವೇ ಹೊರತು ಯೋಗ್ಯತಾಪತ್ರವಲ್ಲ. ಮನೆಯ ಬಾಗಿಲಿಗೆ ಸಂಖ್ಯೆ ಬರೆದಿದ್ದಾರೆಂದ ಮಾತ್ರಕ್ಕೆ ಒಳಗಿರುವವರು ಸಜ್ಜನರೆಂದು ಸಿದ್ಧವಾಗುವುದುಂಟೆ? ಅಷ್ಟು ಸಣ್ಣ ಸಂಗತಿಯನ್ನು ಎಂ.ಎ. ಓದಿದ ನಾನೇ ವಿಚಾರಿಸಲಿಲ್ಲ. ಪಟ್ಟಿಯನ್ನು ನಂಬಿ ಬದುಕುವ ಕಾಲ ಮುಗಿಯಿತು. ವಿವೇಚನೆಯ ಭಾರ ಮತ್ತೆ ನಮ್ಮ ಹೆಗಲಿಗೆ ಬಂದಿದೆ.

ಹಾಗಾದರೆ ಜಾಲತಾಣದ ಪ್ರಕಾಶಕನನ್ನು ಪರೀಕ್ಷಿಸುವುದು ಹೇಗೆ? ಇದು ಹೊಸ ಕಾಲದ ಹೊಸ ವಿದ್ಯೆಯೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. 'ಹೇಳಿದವರಾರು?' ಎಂದು ಕೇಳುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಉಂಟು. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ವಿಜಯದಾಸರು ಹುಟ್ಟಿದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಮಾನ್ವಿಯಲ್ಲಿ ಬಾಳಿದ ಜಗನ್ನಾಥದಾಸರು 'ಹರಿಕಥಾಮೃತಸಾರ'ವನ್ನು ಕೊಟ್ಟರು. ಇವರ ಹಾಡುಗಳು ಮುದ್ರಣಯಂತ್ರವನ್ನು ಕಾಣುವ ಮೊದಲು ಬಾಯಿಂದ ಬಾಯಿಗೆ ಹರಿದುಬಂದವು. ಹಾಗಿದ್ದರೂ ಯಾವುದು ಯಾರದೆಂಬುದನ್ನು ವಿಜಯವಿಠ್ಠಲ, ಗೋಪಾಲವಿಠ್ಠಲ, ಜಗನ್ನಾಥವಿಠ್ಠಲ ಎಂಬ ಅಂಕಿತಗಳು ಕಾಪಾಡಿದವು. ಅಂಕಿತವೆಂದರೆ ಅಲಂಕಾರವಲ್ಲ; 'ಈ ಮಾತಿಗೆ ನಾನು ಹೊಣೆ' ಎಂಬ ರುಜು. ಮುದ್ರಣ ಬಂದ ಮೇಲೆ ಸರ್ಕಾರವೂ ಇದನ್ನೇ ಕೇಳಿತು. ೧೮೬೭ರ ಮುದ್ರಣ ಮತ್ತು ಪುಸ್ತಕಗಳ ನೋಂದಣಿ ಕಾನೂನಿನ ಪ್ರಕಾರ ಪ್ರತಿಯೊಂದು ಪುಸ್ತಕದ ಮೇಲೆಯೂ ಮುದ್ರಕನ ಹೆಸರು, ಪ್ರಕಾಶಕನ ಹೆಸರು, ಊರು ಅಚ್ಚಾಗಬೇಕಾಗಿತ್ತು. ಆ ಕಾನೂನಿನ ಸ್ಥಾನಕ್ಕೆ ೨೦೨೩ರ ಹೊಸ ಕಾನೂನು ಬಂದಿದ್ದರೂ, ಪುಸ್ತಕದ ಒಳಪುಟದಲ್ಲಿ ಆ ನಾಲ್ಕು ಸಾಲುಗಳನ್ನು ಹುಡುಕುವ ಅಭ್ಯಾಸ ನಮ್ಮ ಪೀಳಿಗೆಗೆ ರಕ್ತದಲ್ಲಿಯೇ ಬಂದುಬಿಟ್ಟಿದೆ. ಮೊಬೈಲಿನ ಪುಟದ ಮುಂದೆ ಆ ಅಭ್ಯಾಸವನ್ನು ಏಕೆ ಮರೆತೆವೋ ತಿಳಿಯದು.

ಮರೆಯಲು ಒಂದು ಕಾರಣ, ರೂಪದ ಮೋಹ. ಅಂದವಾದ ಅಕ್ಷರ, ಗಂಭೀರವಾದ ಹೆಸರು, ಲಾಂಛನ, ಅಡಿಟಿಪ್ಪಣಿ—ಇವು ಇದ್ದರೆ ನಾವು ಶರಣಾಗುತ್ತೇವೆ. ಓದಿದವರು ಇನ್ನೂ ಬೇಗ ಶರಣಾಗುತ್ತೇವೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬವರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ನಿದರ್ಶನ. ಅವರು ಹತ್ತು ಮಂದಿ ಇತಿಹಾಸಜ್ಞರನ್ನೂ, ಪತ್ರಿಕೆಗಳಿಗಾಗಿ ಸತ್ಯಾಸತ್ಯವನ್ನು ಪರಿಶೀಲಿಸುವ ಹತ್ತು ಮಂದಿ ವೃತ್ತಿನಿರತರನ್ನೂ, ಇಪ್ಪತ್ತೈದು ಮಂದಿ ವಿದ್ಯಾರ್ಥಿಗಳನ್ನೂ ಕೂಡಿಸಿ, ಕೆಲವು ತಾಣಗಳ ವಿಶ್ವಾಸಾರ್ಹತೆಯನ್ನು ನಿರ್ಣಯಿಸಲು ಹೇಳಿದರು. ಹೆಸರು ಹೆಚ್ಚುಕಡಿಮೆ ಒಂದೇ ಬಗೆಯಾದ ಎರಡು ಮಕ್ಕಳ ವೈದ್ಯರ ಸಂಘಗಳ ತಾಣಗಳು ಅವುಗಳಲ್ಲಿದ್ದವು. ಒಂದು ಹಳೆಯ ದೊಡ್ಡ ಸಂಘ, ಇನ್ನೊಂದು ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಇತಿಹಾಸಜ್ಞರೂ ವಿದ್ಯಾರ್ಥಿಗಳೂ ಪುಟದ ಮೇಲಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿ, ಹೆಸರು ಲಾಂಛನಗಳಿಗೆ ಮರುಳಾಗಿ ಅನೇಕ ಸಲ ಮೋಸಹೋದರು. ವೃತ್ತಿನಿರತ ಪರಿಶೀಲಕರಾದರೋ ಆ ಪುಟವನ್ನು ಒಂದು ಕ್ಷಣ ನೋಡಿ, ಅದನ್ನು ಬಿಟ್ಟು ಹೊರಗೆ ಹೋದರು. ಆ ಸಂಘದ ವಿಷಯದಲ್ಲಿ ಬೇರೆಯವರು ಏನು ಹೇಳುತ್ತಾರೆಂದು ವಿಚಾರಿಸಿ, ಕಡಿಮೆ ಸಮಯದಲ್ಲಿ ಸರಿಯಾದ ನಿರ್ಣಯಕ್ಕೆ ಬಂದರು. ಪ್ರಕಾಶಕನ ಯೋಗ್ಯತೆಯನ್ನು ಅವನ ಮನೆಯೊಳಗೆ ಕುಳಿತು ಅಳೆಯಲಾಗದು; ಓಣಿಯಲ್ಲಿ ವಿಚಾರಿಸಬೇಕು.

ಈ ಅಧ್ಯಯನದ ಸುದ್ದಿಯನ್ನು ಓದಿದಾಗ ನನಗೆ ನೆನಪಾದುದು ನಮ್ಮ ಜಿಲ್ಲೆಯ ಮಸ್ಕಿ. ಭಾರತದ ಬಂಡೆಗಳ ಮೇಲೂ ಕಂಬಗಳ ಮೇಲೂ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳನ್ನು ಹೊತ್ತ ರಾಜನೊಬ್ಬ ಧರ್ಮದ ಮಾತುಗಳನ್ನು ಬರೆಸಿದ್ದಾನೆ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ. ಓದಿದುದಾಯಿತು, ಆದರೆ ಬರೆಸಿದವನು ಯಾರು? ಮೊದಲು ಪ್ರಿನ್ಸೆಪ್ ಅವನನ್ನು ಸಿಂಹಳದ ರಾಜನೆಂದು ಭಾವಿಸಿದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್, ಅಲ್ಲಿಯ ಬೌದ್ಧ ಇತಿಹಾಸಗ್ರಂಥದ ಆಧಾರದಿಂದ, ಪ್ರಿಯದರ್ಶಿಯೆಂದರೆ ಮೌರ್ಯ ಅಶೋಕನೆಂದು ತೋರಿಸಿಕೊಟ್ಟ. ಪ್ರಿನ್ಸೆಪ್ ತನ್ನ ಮಾತನ್ನು ತಿದ್ದಿಕೊಂಡ. ಆದರೂ ಅಶೋಕನೆಂಬ ಹೆಸರನ್ನು ಕಲ್ಲೊಂದು ತಾನೇ ನುಡಿಯಲು ಇನ್ನೂ ಎಪ್ಪತ್ತೆಂಟು ವರ್ಷಗಳು ಬೇಕಾದವು. ೧೯೧೫ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿನ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲಿ ಅದೇ ಹೆಸರು ಮತ್ತೆ ಕಾಣಿಸಿತು. ಒಂದು ಕಲ್ಲಿನ ಒಡೆಯನನ್ನು ಇನ್ನೊಂದು ಕಲ್ಲು ಗುರುತಿಸಿತು. ಕಲ್ಲಿಗೆ ಕಲ್ಲೇ ಸಾಕ್ಷಿಯಾಯಿತು. ಸ್ಟ್ಯಾನ್‌ಫೋರ್ಡಿನವರು ಹೇಳಿದುದು ಇದಕ್ಕಿಂತ ಬೇರೆಯೆ?

ಸಾಕ್ಷಿಗಳನ್ನು ಕೂಡಿಸುವಾಗಲೂ ಒಂದು ಎಚ್ಚರ ಬೇಕು. "ಹತ್ತು ತಾಣಗಳಲ್ಲಿ ನೋಡಿದೆ ಸರ್, ಹತ್ತರಲ್ಲಿಯೂ ಹಾಗೆಯೇ ಇದೆ" ಎಂದು ಇನ್ನೊಬ್ಬ ವಿದ್ಯಾರ್ಥಿನಿ ಹೇಳಿದಳು. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ವಾದದ ದೋಷ ಕೂಡಲೇ ಹೊಳೆಯುತ್ತದೆ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಸೇರಿದರೂ ಸಾಕ್ಷಿ ಒಂದೇ. ಲಿಪಿಕಾರನ ಒಂದು ತಪ್ಪು ಹತ್ತೂ ಪ್ರತಿಗಳಲ್ಲಿ ತಪ್ಪದೆ ಇಳಿದಿರುತ್ತದೆ. ನಮ್ಮ ಕೋಟೆಯ ವಿಷಯದಲ್ಲಿಯೇ ನೋಡಬಹುದು. ಕೋಟೆಯನ್ನು ಕಟ್ಟಿಸಿದವನು 'ಗೋರೆ ಗಂಗಯ್ಯ' ಎಂದು ಬ್ರಿಟಿಷರ ಕಾಲದ ಗೆಜೆಟಿಯರು ಬರೆದಿತು. ಕಾಕತೀಯರ ಸಾಮಂತರಾಗಿ ನೆರೆಯ ಸೀಮೆಯನ್ನು ಆಳುತ್ತಿದ್ದುದು ಗೋನ ವಂಶ; ವಿದ್ವಾಂಸರು ಆ ಹೆಸರನ್ನು ಗೋನ ಗನ್ನಯ್ಯ ರೆಡ್ಡಿಯೆಂದು ಓದಿದ್ದಾರೆ. ಆದರೂ 'ಗೋರೆ' ಎಂಬ ರೂಪ ಇಂದಿಗೂ ಒಂದು ತಾಣದಿಂದ ಇನ್ನೊಂದು ತಾಣಕ್ಕೆ ನೆಗೆಯುತ್ತಿದೆ. ನಕಲು ಮಾಡಿದವರ ಸಂಖ್ಯೆ ಹೆಚ್ಚಿದಂತೆ ಸತ್ಯದ ತೂಕ ಹೆಚ್ಚುವುದಿಲ್ಲ.

ಸುಳ್ಳು ದಾಖಲೆಯೂ ಹೊಸತಲ್ಲ. ಇಲ್ಲದ ದತ್ತಿಯನ್ನು ಉಂಟೆಂದು ಸಾಧಿಸಲು ಹಳೆಯ ರಾಜರ ಹೆಸರಿನಲ್ಲಿ ತಾಮ್ರಪಟಗಳನ್ನು ಕೊರೆಸಿದ ಚತುರರು ಹಿಂದೆಯೂ ಇದ್ದರು. ಅಂಥವನ್ನು ಕೂಟಶಾಸನಗಳೆಂದು ಕರೆಯುತ್ತಾರೆ. ಅವುಗಳನ್ನು ಸೃಷ್ಟಿಸಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸಿದೆ. ಕನ್ನಡನಾಡಿನ ಶಾಸನಗಳಲ್ಲಿ ಆಳವಾಗಿ ದುಡಿದ ಜೆ. ಎಫ್. ಫ್ಲೀಟರು ಅಂಥ ದಾಖಲೆಗಳನ್ನು ೧೯೦೧ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪಟ್ಟಿಮಾಡಿ ಚರ್ಚಿಸಿದರು. ಶಾಸನಜ್ಞರು ಕೇಳುವ ಪ್ರಶ್ನೆಗಳು ಸರಳವಾದವು. ಹೇಳಿಕೊಂಡ ಕಾಲಕ್ಕೆ ಲಿಪಿ ಹೊಂದುತ್ತದೆಯೆ? ತಿಥಿಗೂ ವಾರಕ್ಕೂ ತಾಳೆ ಬೀಳುತ್ತದೆಯೆ? ವಂಶಾವಳಿ ಇತರ ಶಾಸನಗಳೊಂದಿಗೆ ಕೂಡುತ್ತದೆಯೆ? ಈ ದಾಖಲೆಯಿಂದ ಲಾಭ ಯಾರಿಗೆ?

ಇವೇ ಪ್ರಶ್ನೆಗಳನ್ನು ನಾನೀಗ ಜಾಲತಾಣಕ್ಕೂ ಹಾಕಲು ಕಲಿಸುತ್ತಿದ್ದೇನೆ. ಮೊದಲನೆಯದು, ಒಡೆಯನಾರು? ಸಂಪಾದಕನ ಹೆಸರು, ಸಂಸ್ಥೆ, ವಿಳಾಸಗಳು ಇವೆಯೆ; ಇದ್ದರೆ, ಹೊರಗೆ ವಿಚಾರಿಸಿದಾಗ ಅಂಥವರು ನಿಜವಾಗಿ ಇದ್ದಾರೆಯೆ? ವಿಳಾಸದ ಕೊನೆಯೂ ಕೊಂಚ ಹೇಳುತ್ತದೆ. 'ಡಾಟ್ ಕಾಮ್', 'ಡಾಟ್ ಆರ್ಗ್', 'ಡಾಟ್ ಇನ್' ಎಂಬವನ್ನು ಹಣ ಕೊಟ್ಟ ಯಾರು ಬೇಕಾದರೂ ಪಡೆಯಬಹುದು. 'ಡಾಟ್ ಗೌ ಡಾಟ್ ಇನ್' ಸರ್ಕಾರಕ್ಕೆ, 'ಡಾಟ್ ಎಸಿ ಡಾಟ್ ಇನ್' ವಿದ್ಯಾಸಂಸ್ಥೆಗಳಿಗೆ ಮೀಸಲು. ಎರಡನೆಯದು, ಕಾಲ: ಬರೆದುದೆಂದು, ತಿದ್ದಿದುದೆಂದು? ಮೂರನೆಯದು, ಆಧಾರ: ಹೇಳಿದ ಮಾತಿನ ಮೂಲಕ್ಕೆ ನಮ್ಮನ್ನು ಕರೆದೊಯ್ಯುತ್ತದೆಯೆ? 'ವಚನ ಸಂಚಯ' ಎಂಬ ತಾಣ, ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಪಾಠವನ್ನು ಆಧರಿಸಿದುದು. ಸಂದೇಹ ಬಂದರೆ ಗ್ರಂಥಾಲಯಕ್ಕೆ ಹೋಗಿ ಸಂಪುಟವನ್ನು ತೆರೆಯಬಹುದು. ಬಸವಣ್ಣನವರ ಚಿತ್ರದ ಕೆಳಗೆ ಯಾರೋ ಹೊಸೆದ ನೀತಿವಾಕ್ಯವನ್ನು ಅಂಟಿಸಿ ಮುಂಜಾನೆ ಕಳುಹಿಸುವ ತಾಣಗಳಿಗೆ ಈ ಸೌಲಭ್ಯವಿಲ್ಲ. ನಾಲ್ಕನೆಯದು, ತಿದ್ದುಪಡಿ: ತಪ್ಪನ್ನು ತೋರಿಸಿದಾಗ ಪ್ರಿನ್ಸೆಪ್‌ನಂತೆ ಎಲ್ಲರೆದುರು ತಿದ್ದಿಕೊಳ್ಳುವ ಪದ್ಧತಿ ಅಲ್ಲಿ ಉಂಟೆ? ಕೊನೆಯದು, ಲಾಭ: ನಾನು ಇದನ್ನು ನಂಬಿದರೆ ಯಾರ ಚೀಲ ತುಂಬುತ್ತದೆ, ಯಾರ ಕೋಪ ಹೊತ್ತಿಕೊಳ್ಳುತ್ತದೆ?

ಇಲ್ಲಿ ಒಂದು ಆಕ್ಷೇಪಣೆಯನ್ನು ನಿರೀಕ್ಷಿಸುತ್ತೇನೆ. ಹೆಸರಿಲ್ಲದುದೆಲ್ಲ ಸುಳ್ಳೆ? ನಮ್ಮ ಜನಪದ ಹಾಡುಗಳಿಗೆ ಯಾರ ಅಂಕಿತವಿದೆ? ವಿಕಿಪೀಡಿಯದಲ್ಲಿ ಬರೆಯುವವರು ಎಷ್ಟೋ ಮಂದಿ ಅನಾಮಿಕರಲ್ಲವೆ? ಮಾತು ನಿಜ. ಆದರೆ ವಿಕಿಪೀಡಿಯದ ಪುಟಕ್ಕೆ ಅದರ ಚರಿತ್ರೆಯೂ ಜೊತೆಗಿರುತ್ತದೆ. ಯಾವ ಸಾಲು ಯಾವ ದಿನ ಸೇರಿತು, ಯಾವುದು ಹೋಯಿತು, ಯಾರು ಏನೆಂದು ಜಗಳವಾಡಿದರು ಎಂಬುದನ್ನು ಯಾರಾದರೂ ನೋಡಬಹುದು. ಹೆಸರಿಲ್ಲದಿದ್ದರೂ ಹೆಜ್ಜೆಯ ಗುರುತಿದೆ. ಇತ್ತ ಸರ್ಕಾರಿ ಮುದ್ರೆಯಿದ್ದುದೆಲ್ಲ ನಿಜವೂ ಅಲ್ಲ. ಗೆಜೆಟಿಯರಿನ 'ಗೋರೆ'ಯನ್ನು ಈಗತಾನೆ ನೋಡಿದೆವು. ಅತಿಯಾದ ಸಂದೇಹವೂ ರೋಗವೇ. ಫ್ಲೀಟರು ಕೂಟವೆಂದು ತಳ್ಳಿದ ಗಂಗರ ತಾಮ್ರಪಟಗಳ ಬಗೆಗೆ ಬಿ. ಎಲ್. ರೈಸರು ಒಪ್ಪದೆ ವಾದಿಸಿದರು. ಯಾವುದನ್ನೂ ನಂಬದವನು ಕೊನೆಗೆ ತನಗೆ ಹಿತವಾದುದನ್ನಷ್ಟೇ ನಂಬುವ ಸ್ಥಿತಿಗೆ ಬರುತ್ತಾನೆ. ಪರೀಕ್ಷೆಯ ಉದ್ದೇಶ ನಂಬುಗೆಯನ್ನು ಕೊಲ್ಲುವುದಲ್ಲ. ಅರ್ಹರಿಗೆ ಅದನ್ನು ಸಲ್ಲಿಸುವುದು.

ಕೋಟೆಗೆ ಹತ್ತು ವರ್ಷ ಹೆಚ್ಚಾದರೇನು, ಕಡಿಮೆಯಾದರೇನು ಎಂದು ಯಾರಾದರೂ ಕೇಳಬಹುದು. ಗೋಡೆಗೆ ಏನೂ ಆಗುವುದಿಲ್ಲ. ಆದರೆ 'ಯಾರೂ ಹೇಳಿಲ್ಲ, ಆದರೂ ಇದೆ' ಎಂಬುದನ್ನು ಒಪ್ಪಿಕೊಳ್ಳುವ ಮನಸ್ಸು ಕೋಟೆಯ ಕಾಲನಿರ್ಣಯದಲ್ಲಿಯೇ ನಿಲ್ಲುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ, ಮುರ್ಕಿ ಎಂಬ ಹಳ್ಳಿಯ ಬಳಿ, ೨೦೧೮ರ ಜುಲೈ ೧೩ರಂದು ಹೈದರಾಬಾದಿನ ಯುವಕ ಎಂಜಿನಿಯರನೊಬ್ಬನನ್ನು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಮಾತು ವಾಟ್ಸ್‌ಆ್ಯಪಿನಲ್ಲಿ ಹಬ್ಬಿತ್ತು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಆ ಪರಸ್ಥಳದವರ ಅಪರಾಧವಾಯಿತು. ಕಲ್ಲು ಬಡಿಗೆಗಳನ್ನು ಎತ್ತಿದವರಲ್ಲಿ ಒಬ್ಬನಾದರೂ ಕೈಯನ್ನು ಕೆಳಗಿಳಿಸಿ, 'ಇದನ್ನು ಹೇಳಿದವರಾರು?' ಎಂದು ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತೋ ಏನೋ. ನಾವು ಅಧ್ಯಾಪಕರು ತರಗತಿಯಲ್ಲಿ ಕಲಿಸಬೇಕಾದ ಪ್ರಶ್ನೆ ಅದೊಂದೇ ಎಂದು ಆ ಸುದ್ದಿಯನ್ನು ನೆನೆದಾಗಲೆಲ್ಲ ನನಗೆ ಅನಿಸುತ್ತದೆ.

ಪ್ರಬಂಧಗಳನ್ನು ಹಿಂದಿರುಗಿಸುವ ಮೊದಲು ಒಂದು ಮುಂಜಾನೆ ಎಲ್ಲರನ್ನೂ ಕೋಟೆಗೆ ಕರೆದುಕೊಂಡು ಹೋದೆ. ಪಶ್ಚಿಮದ ಗೋಡೆಯಲ್ಲಿ ಸುಮಾರು ನಲವತ್ತೊಂದು ಅಡಿ ಉದ್ದದ ಒಂದೇ ಕಲ್ಲುಚಪ್ಪಡಿ ಇದೆ. ಕೋಟೆಯ ಕಾಲವನ್ನು ೧೨೯೪ ಎಂದು ಹೇಳುವವರಿಗೆ ಅದರ ಮೇಲಿನ ತೆಲುಗು ಶಾಸನವೇ ಆಧಾರ. ಅಂಥ ಭಾರಿ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಗೀಚಿ ತೋರಿಸಿದ್ದಾರೆ. ಹುಡುಗರು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಏಳು ಶತಮಾನಗಳ ಮಳೆ ಬಿಸಿಲುಗಳನ್ನು ಸಹಿಸಿಯೂ ಆ ಕಲ್ಲು ತನ್ನ ಒಡೆಯನ ಹೆಸರನ್ನೂ ತನ್ನ ಕಾಲವನ್ನೂ ಹೇಳುತ್ತ ನಿಂತಿದೆ.

ಹಿಂದಿರುಗುವಾಗ ಚಂದ್ರಬಂಡದ ಹುಡುಗ ನನ್ನ ಜೊತೆಯಲ್ಲಿ ನಡೆಯುತ್ತಿದ್ದ. "ನಿಮ್ಮ ತಂದೆ ಪೇಟೆಯಲ್ಲಿ ಹತ್ತಿ ಬೀಜ ಕೊಳ್ಳುವಾಗ ಏನು ನೋಡುತ್ತಾರಪ್ಪ?" ಎಂದು ಕೇಳಿದೆ. "ಕಂಪನಿ ಹೆಸರು, ತಾರೀಖು ನೋಡ್ತಾರ್ರಿ. ರಸೀದಿ ಇಲ್ದ ತಗೊಳ್ಳಂಗಿಲ್ರಿ" ಎಂದ. ಯಾಕೆ ಎಂದೆ. "ನಾಳೆ ಬೀಜ ಹುಟ್ಟಲಿಲ್ಲಂದ್ರ ಕೇಳಾಕ ಯಾರರ ಬೇಕಲ್ರೀ ಸರ್" ಎಂದವನು, ಹೇಳಿ ಮುಗಿಸಿದೊಡನೆ ನನ್ನ ಮುಖವನ್ನು ನೋಡಿ ನಕ್ಕುಬಿಟ್ಟ.

ಆ ವಾರ ಅವನು ಪ್ರಬಂಧವನ್ನು ಮತ್ತೆ ಬರೆದು ತಂದುಕೊಟ್ಟ. ಕೋಟೆಯ ಕಾಲ ೧೨೯೪ ಎಂದು ಬರೆದು, ಅದಕ್ಕೆ ಗೋಡೆಯ ಶಾಸನ ಆಧಾರವೆಂದು ತೋರಿಸಿದ್ದ. ಕೆಲವು ತಾಣಗಳು ೧೨೮೪ ಎನ್ನುತ್ತವೆ, ತಾನು ನೋಡಿದವು ಆಧಾರವನ್ನು ಹೇಳುವುದಿಲ್ಲ ಎಂದು ಕೆಳಗೆ ಒಂದು ಸಾಲು ಸೇರಿಸಿದ್ದ. ಕೊನೆಯಲ್ಲಿ ಸ್ಪಷ್ಟವಾದ ಅಕ್ಷರಗಳಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆದಿದ್ದ.